ಕೂದಲು ಉದುರ್ತಿದೆ ಡಾಕ್ಟ್ರೇ, ಏನ್ ಮಾಡ್ಲಿ?

ತಲೆಹೊಟ್ಟಿನ ಬಗ್ಗೆ ಬರೆದಿದ್ದೇ ತಡ, ಗಂಡಸರ ಪತ್ರಗಳು ರಾಶಿ ಬಿದ್ದಿವೆ. ಹೊಟ್ಟಿನ ಬಗ್ಗೆ ಒಂದೇ ಸಾಲು, ಉಳಿದದ್ದೆಲ್ಲ ಕೂದಲು ಉದುರುವ ಕಥೆ. ಸುಮಾರು ಜನ ‘ದಯವಿಟ್ಟು ಹೆಸರು ಹಾಕಬೇಡಿ’ ಅಂತ ಅಡಿಗೆರೆ ಎಳೆದು ಬರೆದಿದ್ದಾರೆ, ಹಾಗಾಗಿ ಯಾರ ಹೆಸರೂ ಇಲ್ಲ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಚಿಕ್ಕದು ಮಾಡಿದ್ದೇನೆ. ಔಷಧದ ಹೆಸರುಗಳು ತಿಳಿವಳಿಕೆಗೆ ಮಾತ್ರ. ಇದನ್ನು ಓದಿ ನೇರ ಮೆಡಿಕಲ್ ಶಾಪಿಗೆ ಹೋಗಬೇಡಿ.

ಪ್ರಶ್ನೆ: ಹಾಸನದಿಂದ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದೆ. ಇಲ್ಲಿನ ಬೋರ್‌ವೆಲ್ ನೀರಿಗೆ ಹಣೆಯ ಎರಡೂ ಬದಿ ಖಾಲಿಯಾಗ್ತಿದೆ. ಪಿಜಿಯಲ್ಲಿ ಎಲ್ಲ ಹುಡುಗರದ್ದೂ ಇದೇ ಗೋಳು. ಶವರ್‌ಗೆ ಫಿಲ್ಟರ್ ಹಾಕಿಸಿದೆ, ಏನೂ ಪ್ರಯೋಜನ ಆಗಲಿಲ್ಲ. ಊರಿಗೆ ವಾಪಸ್ ಹೋದರೆ ಸರಿಹೋಗುತ್ತಾ? (24 ವರ್ಷ, ಬೆಂಗಳೂರು)

ಉತ್ತರ: ಬೋರ್‌ವೆಲ್ ನೀರಿನ ಮೇಲೆ ಎಷ್ಟೊಂದು ಅಪವಾದ! ಒಂದು ವಿಷಯ ಯೋಚಿಸಿ. ಅದೇ ನೀರು ನಿಮ್ಮ ಹಿಂದಲೆಗೂ ಬೀಳುತ್ತೆ, ಕಿವಿಯ ಮೇಲಿನ ಕೂದಲಿಗೂ ಬೀಳುತ್ತೆ. ಅಲ್ಲಿ ಯಾಕೆ ಉದುರುತ್ತಿಲ್ಲ? ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಶಾಂಪೂ ನೊರೆ ಬರಲ್ಲ, ಕೂದಲು ನಾರಿನಂತೆ ಒರಟಾಗುತ್ತೆ, ಬಾಚುವಾಗ ತುಂಡಾಗಲೂಬಹುದು. ಆದರೆ ಬೇರು ಇರುವುದು ಚರ್ಮದ ಒಳಗೆ, ಕೆಲವು ಮಿಲಿಮೀಟರ್ ಆಳದಲ್ಲಿ. ಸ್ನಾನದ ನೀರಿಗೆ ಅಲ್ಲಿ ಕೆಲಸ ಇಲ್ಲ.

ಹುಡುಗರು ಓದು ಮುಗಿಸಿ ಬೆಂಗಳೂರಿಗೆ ಬರುವುದು ಇಪ್ಪತ್ತೊಂದು ಇಪ್ಪತ್ತೆರಡಕ್ಕೆ. ವಂಶದಿಂದ ಬರುವ ಬೋಳುತನ ಕಣ್ಣಿಗೆ ಕಾಣಲು ಶುರುವಾಗುವುದೂ ಹೆಚ್ಚುಕಡಿಮೆ ಅದೇ ವಯಸ್ಸಿಗೆ. ಎರಡೂ ಒಟ್ಟಿಗೆ ಬಂದು ನೀರಿನ ತಲೆಗೆ ಕಟ್ಟಿದೆ. ನೀವು ಹಾಸನದಲ್ಲೇ ಇದ್ದಿದ್ದರೂ ಇದು ಆಗುತ್ತಿತ್ತು.

ಒಳಗೆ ನಡೆಯುವುದು ಇಷ್ಟು. ಗಂಡಸರ ಹಾರ್ಮೋನು ಟೆಸ್ಟೋಸ್ಟೆರಾನ್ ದೇಹದಲ್ಲೇ ಡಿಎಚ್‌ಟಿ ಅನ್ನುವ ಇನ್ನೊಂದು ರೂಪಕ್ಕೆ ತಿರುಗುತ್ತದೆ. ಹಣೆಯ ಮೇಲಿನ ಮತ್ತು ನೆತ್ತಿಯ ಬೇರುಗಳಿಗೆ, ಅವು ಹುಟ್ಟಿನಿಂದಲೇ ಸೂಕ್ಷ್ಮವಾಗಿದ್ದರೆ, ಈ ಡಿಎಚ್‌ಟಿ ಆಗಿಬರಲ್ಲ. ಒಂದು ಕೂದಲು ಸಾಮಾನ್ಯವಾಗಿ 2ರಿಂದ 6 ವರ್ಷ ಬೆಳೆದು, ಸುಮಾರು ಮೂರು ತಿಂಗಳು ವಿಶ್ರಾಂತಿ ತೆಗೆದುಕೊಂಡು ಉದುರಿ, ಅದೇ ಜಾಗದಲ್ಲಿ ಹೊಸದು ಬರುತ್ತೆ. ಡಿಎಚ್‌ಟಿ ಕಾಟ ಇರುವ ಕಡೆ ಪ್ರತಿ ಸುತ್ತಿನಲ್ಲೂ ಬೆಳೆಯುವ ಕಾಲ ಕಮ್ಮಿಯಾಗಿ, ಕೂದಲು ಸಣ್ಣಗಾಗುತ್ತಾ ಬಂದು ಕೊನೆಗೆ ಮಗುವಿನ ಮೈಮೇಲಿನ ನವಿರು ರೋಮದಂತಾಗುತ್ತದೆ. ಹಿಂದಲೆಯ ಬೇರುಗಳಿಗೆ ಈ ಸೂಕ್ಷ್ಮತೆ ಇಲ್ಲ. ತಾತನ ಫೋಟೋ ನೋಡಿ, ಹಿಂದೆ ಅರ್ಧಚಂದ್ರ ಉಳಿದೇ ಇರುತ್ತೆ. ಅಂದ ಹಾಗೆ ಇದು ತಾಯಿಯ ಅಪ್ಪನಿಂದಲೇ ಬರುತ್ತೆ ಅನ್ನುವುದು ಅರ್ಧ ಸತ್ಯ. ಎರಡೂ ಕಡೆಯಿಂದ ಬರುತ್ತೆ.

ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತದೆ, ದಿನಕ್ಕೆ 50ರಿಂದ 100 ಉದುರುವುದು ಮಾಮೂಲಿ. ಹಾಗಾಗಿ ದಿಂಬಿನ ಮೇಲೆ ಎಣಿಸುತ್ತಾ ಕೂರಬೇಡಿ. ಡೆಂಗಿ, ಟೈಫಾಯ್ಡ್ ಬಂದು ಹೋದ ಎರಡು ಮೂರು ತಿಂಗಳಿಗೆ ಅಥವಾ ಊಟ ಬಿಟ್ಟು ತೂಕ ಇಳಿಸಿದ ಮೇಲೆ ಇಡೀ ತಲೆಯಿಂದ ಹಿಡಿಹಿಡಿಯಾಗಿ ಉದುರಿದರೆ ಅದು ಬೇರೆ ಕಾಯಿಲೆ. ಸಾಮಾನ್ಯವಾಗಿ ಆರು ತಿಂಗಳಲ್ಲಿ ತಾನೇ ನಿಲ್ಲುತ್ತೆ. ನಿಮ್ಮದು ಹಣೆಯ ಎರಡು ಮೂಲೆ ಅಂದಿದ್ದೀರಿ, ಅದು ವಂಶದ್ದೇ ಇರಬೇಕು. ಒಮ್ಮೆ ಚರ್ಮವೈದ್ಯರಿಗೆ ತೋರಿಸಿ. ಫಿಲ್ಟರ್ ದುಡ್ಡು ಹೋಯ್ತು, ಬಿಡಿ.

ಪ್ರಶ್ನೆ: ಡಾಕ್ಟರು ಮಿನಾಕ್ಸಿಡಿಲ್ 5 ಪರ್ಸೆಂಟ್ ಬರೆದುಕೊಟ್ಟರು. ಹಚ್ಚಲು ಶುರು ಮಾಡಿದ ಮೇಲೆ ಮೊದಲಿಗಿಂತ ಜಾಸ್ತಿ ಉದುರುತ್ತಿದೆ. ತಲೆಯೂ ಕಡಿಯುತ್ತೆ. ನಿಲ್ಲಿಸಿಬಿಟ್ಟೆ. ಇದನ್ನು ಜೀವನಪೂರ್ತಿ ಹಚ್ಚಬೇಕು ಅಂತಾರೆ, ನಿಜವಾ? (29 ವರ್ಷ, ದಾವಣಗೆರೆ)

ಉತ್ತರ: ಸರಿಯಾಗಿ ಕೆಲಸ ಶುರುವಾಗುವ ಹೊತ್ತಿಗೆ ನಿಲ್ಲಿಸಿದ್ದೀರಿ. ಈ ಔಷಧ ವಿಶ್ರಾಂತಿಯಲ್ಲಿರುವ ಬೇರನ್ನು ಎಬ್ಬಿಸುತ್ತೆ. ಬೇರು ಎದ್ದಾಗ ಅಲ್ಲಿ ಕೂತಿದ್ದ ಹಳೆಯ ಕೂದಲನ್ನು ಹೊರಗೆ ತಳ್ಳುತ್ತೆ. ಮೊದಲ ಎರಡು ವಾರದಿಂದ ಎರಡು ತಿಂಗಳವರೆಗೆ ಉದುರುವುದು ಜಾಸ್ತಿ ಆಗುವುದು ಅದಕ್ಕೇ. ಬರೆದುಕೊಡುವವರು ಈ ಒಂದು ಮಾತನ್ನು ಮೊದಲೇ ಹೇಳಿದರೆ ಎಷ್ಟೋ ಜನ ಬಾಟಲಿ ಬಿಸಾಡುವುದು ತಪ್ಪುತ್ತೆ.

ಮಿನಾಕ್ಸಿಡಿಲ್ ಮೂಲತಃ ಬಿಪಿ ಮಾತ್ರೆ. ಅಮೆರಿಕದಲ್ಲಿ 1979ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತ್ತು. ನುಂಗಿದವರಿಗೆ ಮೈಮೇಲೆಲ್ಲ ಕೂದಲು ಬರಲು ಶುರುವಾಯ್ತು. ಹಾಗೆ ಅಡ್ಡಪರಿಣಾಮವೇ ಔಷಧವಾಗಿ 1988ರಲ್ಲಿ ತಲೆಗೆ ಹಚ್ಚುವ ದ್ರಾವಣ ಬಂತು.

ಹಚ್ಚುವುದರಲ್ಲೇ ಎಷ್ಟೋ ಜನ ಎಡವುತ್ತಾರೆ. ಒಂದು ಸಲಕ್ಕೆ 1 ಮಿ.ಲೀ. ಸಾಕು. ತಲೆ ಒಣಗಿರಬೇಕು. ಬೈತಲೆ ತೆಗೆದಂತೆ ಕೂದಲನ್ನು ಸರಿಸಿ ಚರ್ಮದ ಮೇಲೆ ಹನಿ ಹಾಕಿ, ಬೆರಳ ತುದಿಯಲ್ಲಿ ಹರಡಿ, ಕೈ ತೊಳೆಯಿರಿ. ಎಣ್ಣೆ ಥರ ಅಂಗೈಗೆ ಸುರಿದು ಕೂದಲಿಗೆ ತಿಕ್ಕಿದರೆ ಔಷಧ ಕೂದಲಿಗೆ ಹೋಯ್ತು, ಚರ್ಮಕ್ಕೆ ಸಿಗಲಿಲ್ಲ. ಹಚ್ಚಿದ ಮೇಲೆ ನಾಲ್ಕು ಗಂಟೆ ತಲೆಗೆ ನೀರು ಬೇಡ. ರಾತ್ರಿ ಹಚ್ಚುವುದಾದರೆ ಮಲಗುವ ಎರಡು ಗಂಟೆ ಮೊದಲೇ ಹಚ್ಚಿ, ಇಲ್ಲದಿದ್ದರೆ ದಿಂಬಿಗೆ ಅಂಟಿ ಅಲ್ಲಿಂದ ಮುಖಕ್ಕೆ ಬಂದು ಕೆನ್ನೆಯ ಮೇಲೆ ರೋಮ ಬರುತ್ತೆ. ಕಡಿತ ಬರುವುದು ಹೆಚ್ಚಾಗಿ ದ್ರಾವಣದಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್‌ನಿಂದ. ಅದಿಲ್ಲದ ಫೋಮ್ ಸಿಗುತ್ತೆ, ನಿಮ್ಮ ಡಾಕ್ಟರ ಹತ್ತಿರ ಕೇಳಿ.

ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ಜೀವನಪೂರ್ತಿಯಾ ಅಂದರೆ, ಹೌದು, ಕೂದಲು ಬೇಕು ಅನ್ನಿಸುವಷ್ಟು ಕಾಲ. ನಿಲ್ಲಿಸಿದ ಮೂರು ನಾಲ್ಕು ತಿಂಗಳಲ್ಲಿ ಔಷಧದಿಂದ ಬಂದದ್ದು ಹೋಗುತ್ತೆ. ಇದು ಇಷ್ಟವಿಲ್ಲದಿದ್ದರೆ ಶುರು ಮಾಡದೇ ಇರುವುದೂ ಒಂದು ನಿರ್ಧಾರವೇ, ಅದರಲ್ಲಿ ತಪ್ಪೇನಿಲ್ಲ. ಕಡಿಮೆ ಡೋಸಿನ ಮಾತ್ರೆಯನ್ನೂ ಈಗ ಕೊಡುತ್ತಾರೆ. ಆದರೆ ಅದು ಎದೆ ಬಡಿತ ಹೆಚ್ಚಿಸಬಹುದು, ಕಾಲು ಊದಿಸಬಹುದು. ಹೃದಯದ ತೊಂದರೆ ಇದ್ದವರು ಗೆಳೆಯ ತಗೊಂಡ ಅಂತ ತಗೊಳ್ಳಬೇಡಿ.

ಪ್ರಶ್ನೆ: ಕೂದಲು ಉದುರುವುದಕ್ಕೆ ಕೊಡುವ ಫಿನಾಸ್ಟರೈಡ್ ಮಾತ್ರೆ ತಗೊಂಡರೆ ‘ಗಂಡಸ್ತನ’ ಹೋಗುತ್ತೆ ಅಂತ ಎಲ್ಲ ಕಡೆ ಓದಿದ್ದೇನೆ. ಡಾಕ್ಟರು ಏನೂ ಆಗಲ್ಲ ತಗೊಳ್ಳಿ ಅಂತಾರೆ. ಮದುವೆಯಾಗಿದೆ, ಮಗುವಿಗೆ ಪ್ರಯತ್ನ ಮಾಡುತ್ತಿದ್ದೇವೆ. ಯಾರನ್ನು ನಂಬಲಿ? (34 ವರ್ಷ, ಹುಬ್ಬಳ್ಳಿ)

ಉತ್ತರ: ಇಬ್ಬರದ್ದೂ ಪೂರ್ತಿ ನಿಜ ಅಲ್ಲ. ಈ ಮಾತ್ರೆಯ ಹಿಂದಿನ ಕಥೆ ಮೊದಲು ಹೇಳಿಬಿಡುತ್ತೇನೆ, ನನಗೆ ಬಹಳ ಇಷ್ಟದ್ದು.

ಡೊಮಿನಿಕನ್ ರಿಪಬ್ಲಿಕ್‌ನ ಸಲಿನಾಸ್ ಅನ್ನುವ ಹಳ್ಳಿಯಲ್ಲಿ ಕೆಲವು ಮಕ್ಕಳು ಹುಟ್ಟುವಾಗ ಹೆಣ್ಣುಮಕ್ಕಳ ಹಾಗೆ ಕಂಡು, ಹರೆಯಕ್ಕೆ ಬಂದಾಗ ಗಂಡಾಗಿ ಬೆಳೆಯುತ್ತಿದ್ದರು. ವೈದ್ಯೆ ಜೂಲಿಯಾನ್ ಇಂಪೆರಾಟೊ-ಮೆಕ್‌ಗಿನ್ಲಿ ಮತ್ತು ಸಂಗಡಿಗರು 1974ರಲ್ಲಿ ಅದಕ್ಕೆ ಕಾರಣ ಬರೆದರು. ಟೆಸ್ಟೋಸ್ಟೆರಾನನ್ನು ಡಿಎಚ್‌ಟಿ ಮಾಡುವ ಕಿಣ್ವ ಇವರಲ್ಲಿ ಹುಟ್ಟಿನಿಂದ ಕಮ್ಮಿ. ದೊಡ್ಡವರಾದ ಮೇಲೆ ನೋಡಿದರೆ ಮೂತ್ರಕೋಶದ ಕೆಳಗಿರುವ ಇವರ ಪ್ರಾಸ್ಟೇಟ್ ಗ್ರಂಥಿ ಚಿಕ್ಕದು, ಹಣೆ ಹಿಂದೆ ಸರಿಯುವುದೂ ಇಲ್ಲ. ಔಷಧ ಕಂಪನಿಯವರು ಈ ಕಿಣ್ವವನ್ನೇ ತಡೆಯುವ ಮಾತ್ರೆ ಮಾಡಿದರು. 1992ರಲ್ಲಿ 5 ಮಿ.ಗ್ರಾಂ. ಪ್ರಾಸ್ಟೇಟ್ ಊತಕ್ಕೆ, 1997ರಲ್ಲಿ 1 ಮಿ.ಗ್ರಾಂ. ಕೂದಲಿಗೆ.

ಈಗ ನಿಮ್ಮ ಭಯಕ್ಕೆ ಬರೋಣ. ಕಂಪನಿಯ ಪ್ರಯೋಗಗಳಲ್ಲಿ ಆಸೆ ಕುಗ್ಗುವುದು, ನಿಮಿರುವಿಕೆಯ ತೊಂದರೆ, ವೀರ್ಯ ಕಮ್ಮಿಯಾಗುವುದು, ಇವುಗಳಲ್ಲಿ ಒಂದಾದರೂ ಕಂಡದ್ದು ಮಾತ್ರೆ ತಗೊಂಡವರಲ್ಲಿ 100ಕ್ಕೆ ಸುಮಾರು 4 ಜನಕ್ಕೆ. ಔಷಧವೇ ಇಲ್ಲದ ಖಾಲಿ ಮಾತ್ರೆ ನುಂಗಿದವರಲ್ಲೂ 100ಕ್ಕೆ 2 ಜನ ಅದನ್ನೇ ಹೇಳಿದರು! 2007ರಲ್ಲಿ ಇಟಲಿಯವರ ಒಂದು ಅಧ್ಯಯನ ಪ್ರಕಟವಾಯಿತು, ಇದೇ ಮಾತ್ರೆ ತಗೊಂಡ ಪ್ರಾಸ್ಟೇಟ್ ರೋಗಿಗಳ ಮೇಲೆ. ಒಂದು ಗುಂಪಿಗೆ ‘ಹೀಗಾಗಬಹುದು’ ಅಂತ ಮೊದಲೇ ಹೇಳಿದರು, ಇನ್ನೊಂದಕ್ಕೆ ಹೇಳಲಿಲ್ಲ. ಹೇಳಿಸಿಕೊಂಡವರಲ್ಲಿ ತೊಂದರೆ ಸುಮಾರು ಮೂರು ಪಟ್ಟು ಜಾಸ್ತಿ ಕಂಡಿತು. ಭಯವೂ ಕೆಲಸ ಮಾಡುತ್ತೆ, ಅಲ್ವಾ?

ಹಾಗಂತ ಎಲ್ಲ ಮನಸ್ಸಿನ ಆಟ ಅಂತ ತಳ್ಳಿಹಾಕುವವರ ಜೊತೆ ನಾನಿಲ್ಲ. ಹೆಚ್ಚಿನವರಲ್ಲಿ ಮಾತ್ರೆ ನಿಲ್ಲಿಸಿದರೆ ತೊಂದರೆ ಹೋಗುತ್ತೆ. ನಿಲ್ಲಿಸಿದ ಮೇಲೂ ಉಳಿಯಿತು ಅಂತ ಹೇಳುವ ಗಂಡಸರೂ ಇದ್ದಾರೆ. 2025ರಲ್ಲಿ ಯುರೋಪಿನ ಔಷಧ ಸಂಸ್ಥೆ ಆತ್ಮಹತ್ಯೆಯ ಯೋಚನೆ ಬರುವುದು ಈ ಮಾತ್ರೆಯ ಅಡ್ಡಪರಿಣಾಮ ಅಂತ ಖಚಿತಪಡಿಸಿತು. ಖಿನ್ನತೆ ಇದ್ದವರು, ಹಿಂದೆ ಅದಕ್ಕೆ ಔಷಧ ತಗೊಂಡವರು ಡಾಕ್ಟರಿಗೆ ಇದನ್ನು ಹೇಳಲೇಬೇಕು. ಮಾತ್ರೆ ಶುರುವಾದ ಮೇಲೆ ಮನಸ್ಸು ಮಂಕಾದರೆ ನಿಲ್ಲಿಸಿ ಫೋನ್ ಮಾಡಿ, ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ.

ಮಗುವಿನ ವಿಷಯಕ್ಕೆ ಬಂದರೆ, ಹೆಚ್ಚಿನವರಿಗೆ ಅಡ್ಡಿ ಆಗಲ್ಲ. ಕೆಲವರಲ್ಲಿ, ಅದರಲ್ಲೂ ಮೊದಲೇ ವೀರ್ಯಾಣುಗಳ ಕೌಂಟ್ ಕಮ್ಮಿ ಇದ್ದವರಲ್ಲಿ, ಇನ್ನೂ ಇಳಿಯಬಹುದು. ನಾನಾಗಿದ್ದರೆ ನಿಮಗೆ ಈಗ ಶುರು ಮಾಡುವುದಿಲ್ಲ. ಸದ್ಯ ಮಿನಾಕ್ಸಿಡಿಲ್ ಹಚ್ಚಿಕೊಂಡು ಇರಿ, ಗರ್ಭ ನಿಂತ ಮೇಲೆ ಮಾತ್ರೆಯ ಯೋಚನೆ ಮಾಡೋಣ. ಆರೆಂಟು ತಿಂಗಳಿಗೆ ಯಾರೂ ಪೂರ್ತಿ ಬೋಳಾಗುವುದಿಲ್ಲ. ಈಗಾಗಲೇ ತಗೊಳ್ಳುತ್ತಿರುವ ಓದುಗರಿಗೆ ಇನ್ನೊಂದು ಮಾತು: ರಕ್ತದಾನ ಶಿಬಿರದಲ್ಲಿ ಈ ಮಾತ್ರೆಯ ವಿಷಯ ಹೇಳಿ. ನಿಲ್ಲಿಸಿ ಒಂದು ತಿಂಗಳಾದರೂ ಆಗಿರಬೇಕು.

ಪ್ರಶ್ನೆ: ಮಗ ಇಂಜಿನಿಯರಿಂಗ್ ಮೂರನೇ ವರ್ಷ. ಮುಂದಲೆ ಖಾಲಿಯಾಗುತ್ತಿದೆ ಅಂತ ಒಂದು ಕ್ಲಿನಿಕ್‌ಗೆ ಹೋಗಿದ್ದ. ತಲೆಯ ಫೋಟೋ ತೆಗೆದು, ‘ಈಗ ಕೂದಲು ಕಸಿ ಮಾಡಿಸದಿದ್ದರೆ ಆರು ತಿಂಗಳಲ್ಲಿ ಬೋಳು’ ಅಂದರಂತೆ. 3000 ಗ್ರಾಫ್ಟ್ (ಹಿಂದಲೆಯಿಂದ ತೆಗೆದು ಮುಂದೆ ನೆಡುವ ಬೇರು), ಇಎಂಐ ಕೊಡ್ತಾರಂತೆ. ಇವತ್ತೇ ಬುಕ್ ಮಾಡಿದರೆ ರಿಯಾಯಿತಿ ಅಂತೆ. ಕೂತಲ್ಲಿ ನಿಂತಲ್ಲಿ ಹಟ ಮಾಡುತ್ತಿದ್ದಾನೆ. ಏನು ಮಾಡಲಿ? (ಗೃಹಿಣಿ, ತುಮಕೂರು)

ಉತ್ತರ: ಬುಕ್ ಮಾಡಬೇಡಿ ಅಮ್ಮಾ. ಆಪರೇಷನ್‌ಗೆ ‘ಇವತ್ತೇ ಬಂದರೆ ರಿಯಾಯಿತಿ’ ಅನ್ನುವ ಜಾಗದಿಂದ ಎದ್ದು ಬರುವುದು ಒಳ್ಳೆಯದು. ಅಲ್ಲಿ ಮಗನ ಜೊತೆ ಮಾತಾಡಿದ್ದು ಡಾಕ್ಟರೋ, ಕೌನ್ಸೆಲರ್ ಅನ್ನುವ ಹೆಸರಿನ ಮಾರಾಟದವರೋ ಅಂತ ಕೇಳಿ ನೋಡಿ.

ಇಪ್ಪತ್ತನೇ ವಯಸ್ಸಿಗೆ ಕೂದಲು ಕಸಿ ಯಾಕೆ ಬೇಡ ಅಂದರೆ, ಅವನ ಬೋಳು ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ಈಗ ಯಾರಿಗೂ ಹೇಳಲು ಆಗಲ್ಲ. ನಾರ್ವುಡ್ ಅನ್ನುವ ಅಳತೆಯಲ್ಲಿ ಗಂಡಸರ ಬೋಳುತನಕ್ಕೆ ಏಳು ಹಂತ. ಅವನು ಮೂರರಲ್ಲಿ ನಿಲ್ಲಬಹುದು, ಆರಕ್ಕೂ ಹೋಗಬಹುದು. ಈಗ ಮುಂದೆ ಕೆಳಗೆ ಇಳಿಸಿ ಚೆಂದವಾಗಿ ನೆಟ್ಟರು ಅಂತಿಟ್ಟುಕೊಳ್ಳಿ. ನೆಟ್ಟದ್ದು ಉಳಿಯುತ್ತೆ, ಅದರ ಹಿಂದಿನ ಸ್ವಂತ ಕೂದಲು ಉದುರುತ್ತಾ ಹೋಗುತ್ತೆ. ಮೂವತ್ತೈದಕ್ಕೆ ಹಣೆಯ ಮೇಲೊಂದು ಪಟ್ಟಿ, ನಡುವೆ ಬಯಲು, ಹಿಂದೆ ಕೂದಲು. ಅದನ್ನು ತುಂಬೋಣ ಅಂದರೆ ಹಿಂದಲೆಯ ದಾಸ್ತಾನು ಆಗಲೇ ಖರ್ಚಾಗಿರುತ್ತೆ.

ಮೊದಲು ಚರ್ಮವೈದ್ಯರ ಹತ್ತಿರ ಔಷಧ ಶುರು ಮಾಡಿಸಿ, ಒಂದು ವರ್ಷ ನೋಡಿ. ಕಸಿಯ ಮಾತು ಇಪ್ಪತ್ತೈದು ದಾಟಿ, ಉದುರುವುದು ಹತೋಟಿಗೆ ಬಂದ ಮೇಲೆ. ಇನ್ನೊಂದು, ಮನೆಗೆ ಬಂದ ನೆಂಟರು ‘ಏನೋ, ಅಪ್ಪನಿಗಿಂತ ಮೊದಲೇ ಬೋಳಾದೆಯಲ್ಲೋ’ ಅಂತ ನಗುವುದನ್ನು ನೀವೇ ನಿಲ್ಲಿಸಿ. ಆ ವಯಸ್ಸಿನಲ್ಲಿ ಅದು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಚುಚ್ಚುತ್ತೆ. ಅವನು ಕಾಲೇಜಿಗೆ ಹೋಗುವುದನ್ನೇ ತಪ್ಪಿಸುತ್ತಿದ್ದರೆ ಆಪ್ತಸಲಹೆಗಾರರ ಹತ್ತಿರ ಕರೆದುಕೊಂಡು ಹೋಗಿ.

ಪ್ರಶ್ನೆ: ನಾನು ಮಂಗಳೂರಿನವನು, ದುಬೈಯಲ್ಲಿ ಕೆಲಸ. ಇಲ್ಲಿಂದ ಸುಮಾರು ಜನ ಟರ್ಕಿಗೆ ಹೋಗಿ ಮಾಡಿಸಿಕೊಂಡು ಬರುತ್ತಾರೆ. ಹೋಟೆಲು, ಕಾರು ಎಲ್ಲ ಪ್ಯಾಕೇಜು, ‘ಅನ್‌ಲಿಮಿಟೆಡ್ ಗ್ರಾಫ್ಟ್’ ಅಂತೆ. ಊರಲ್ಲೇ ಮಾಡಿಸುವುದಾ, ಅಲ್ಲಿಗೆ ಹೋಗುವುದಾ? ನೆತ್ತಿ ಮತ್ತು ಮುಂದಲೆ ಎರಡೂ ಹೋಗಿದೆ. ಕಲೆ ಉಳಿಯಲ್ಲ ಅಂತಾರೆ, ನಿಜವಾ? (41 ವರ್ಷ, ದುಬೈ)

ಉತ್ತರ: ‘ಅನ್‌ಲಿಮಿಟೆಡ್’ ಅನ್ನುವುದು ಹೋಟೆಲ್ ಊಟಕ್ಕೆ ಸರಿ. ಕೂದಲು ಕಸಿ ಅಂದರೆ ಭತ್ತದ ನಾಟಿ ಇದ್ದ ಹಾಗೆ. ಸಸಿಮಡಿಯಲ್ಲಿ ಇದ್ದಷ್ಟನ್ನೇ ಕಿತ್ತು ಗದ್ದೆಗೆ ನೆಡಬೇಕು, ಹೊಸದಾಗಿ ಒಂದು ಸಸಿಯೂ ಹುಟ್ಟಲ್ಲ. ನಿಮ್ಮ ಸಸಿಮಡಿ ಹಿಂದಲೆ. ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಓರೆಂಟ್ರೈಶ್ 1950ರ ದಶಕದಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಹಿಂದಲೆಯ ಬೇರನ್ನು ಮುಂದೆ ನೆಟ್ಟರೂ ಅದು ಹಿಂದಲೆಯ ಗುಣವನ್ನೇ ಇಟ್ಟುಕೊಳ್ಳುತ್ತದೆ, ಉದುರುವುದಿಲ್ಲ. ಇಡೀ ವ್ಯಾಪಾರ ನಿಂತಿರುವುದು ಆ ಒಂದು ವಿಷಯದ ಮೇಲೆ.

ಈಗ ಲೆಕ್ಕ ಮಾಡಿ. ಬೆರಳು ಜೋಡಿಸಿ ಅಂಗೈಯನ್ನು ಬೋಳಾದ ಜಾಗದ ಮೇಲೆ ಇಡಿ. ಗಂಡಸಿನ ಕೈ ಬೆರಳು ಸೇರಿ ಸುಮಾರು 150 ಚದರ ಸೆಂಟಿಮೀಟರ್. ಒಂದು ಚದರ ಸೆಂಟಿಮೀಟರಿಗೆ 40 ಗ್ರಾಫ್ಟ್ ನೆಟ್ಟರೆ ನೋಡಲು ಪರವಾಗಿಲ್ಲ ಅನ್ನಿಸುತ್ತೆ, ಹುಟ್ಟಾ ಇದ್ದ ದಟ್ಟಣೆಯ ಹೆಚ್ಚುಕಡಿಮೆ ಅರ್ಧ. ಅಲ್ಲಿಗೆ ಒಂದು ಅಂಗೈ ಅಗಲಕ್ಕೆ 6000 ಗ್ರಾಫ್ಟ್ ಬೇಕು. ಹೆಚ್ಚಿನವರ ಹಿಂದಲೆಯಿಂದ ಇಡೀ ಜೀವಮಾನಕ್ಕೆ ತೆಗೆಯಬಹುದಾದದ್ದು 4000ದಿಂದ 6000. ಅದಕ್ಕಿಂತ ಜಾಸ್ತಿ ಕಿತ್ತರೆ ಹಿಂದಲೆ ಹುಳು ತಿಂದ ಬಟ್ಟೆಯಾಗುತ್ತೆ. ಆದ್ದರಿಂದ ನಿಮಗೆ ಮುಂದಲೆ, ನೆತ್ತಿ ಎರಡೂ ದಟ್ಟವಾಗಿ ಮಾಡಿಕೊಡ್ತೀನಿ ಅಂದವರನ್ನು ನಂಬಬೇಡಿ. ಪ್ರಾಮಾಣಿಕ ಸರ್ಜನ್ ಮುಂದಲೆ ಮೊದಲು ಮಾಡೋಣ, ನೆತ್ತಿಯನ್ನು ಔಷಧಕ್ಕೆ ಬಿಡೋಣ ಅನ್ನುತ್ತಾರೆ. ಇನ್ನೊಂದು ಮೋಸ ಎಣಿಕೆಯಲ್ಲಿ. ಒಂದು ಗ್ರಾಫ್ಟಿನಲ್ಲಿ 1ರಿಂದ 4 ಕೂದಲಿರುತ್ತವೆ. 2000 ಗ್ರಾಫ್ಟ್ ಹಾಕಿ, 4000 ಅಂತ ಕೂದಲ ಲೆಕ್ಕ ತೋರಿಸಿ ಬಿಲ್ ಮಾಡುವವರಿದ್ದಾರೆ. ಬಿಲ್‌ನಲ್ಲಿ ಯಾವ ಲೆಕ್ಕ ಅಂತ ಬರೆಸಿಕೊಳ್ಳಿ.

ಕಲೆಯ ಬಗ್ಗೆ: ಹಿಂದಲೆಯಿಂದ ಚರ್ಮದ ಪಟ್ಟಿ ತೆಗೆದು ಹೊಲಿಯುವ ಎಫ್‌ಯುಟಿಯಲ್ಲಿ ಒಂದು ಗೆರೆ ಉಳಿಯುತ್ತೆ. 1 ಮಿಲಿಮೀಟರಿಗಿಂತ ಚಿಕ್ಕ ಕೊಳವೆಯಿಂದ ಒಂದೊಂದೇ ಬೇರನ್ನು ಕೊರೆದು ತೆಗೆಯುವ ಎಫ್‌ಯುಇಯಲ್ಲಿ ಸಾವಿರಾರು ಬಿಳಿ ಚುಕ್ಕಿ ಉಳಿಯುತ್ತವೆ. ತಲೆ ನುಣ್ಣಗೆ ಬೋಳಿಸಿದರೆ ಕಾಣುತ್ತೆ. ಕಲೆಯೇ ಇಲ್ಲದ ವಿಧಾನ ಇನ್ನೂ ಬಂದಿಲ್ಲ.

ಟರ್ಕಿಯಲ್ಲಿ ಒಳ್ಳೆಯ ಸರ್ಜನ್‌ಗಳಿದ್ದಾರೆ, ಸಂಶಯ ಬೇಡ. ತೊಂದರೆ ಇರುವುದು ಡಾಕ್ಟರ ಮುಖವೇ ಕಾಣದ ಅಗ್ಗದ ಪ್ಯಾಕೇಜುಗಳಲ್ಲಿ. ಅದು ಇಸ್ತಾಂಬುಲ್‌ನಲ್ಲೂ ಇದೆ, ನಮ್ಮಲ್ಲೂ ಇದೆ. ಎಲ್ಲೇ ಹೋಗಿ, ಇಷ್ಟು ಕೇಳಿ. ನನ್ನ ತಲೆಯಲ್ಲಿ ರಂಧ್ರ ಮಾಡುವವರು ಯಾರು? ಬೇರು ತೆಗೆಯುವವರು ಯಾರು? ಕೂದಲು ಯಾವ ಕೋನದಲ್ಲಿ, ಯಾವ ದಿಕ್ಕಿಗೆ ಬೆಳೆಯಬೇಕು ಅಂತ ನಿರ್ಧಾರವಾಗುವುದೇ ಆ ರಂಧ್ರದಲ್ಲಿ, ಅದನ್ನು ಸರ್ಜನ್ನೇ ಮಾಡಬೇಕು. ಡಾಕ್ಟರು ಅವತ್ತು ಇನ್ನೆಷ್ಟು ಜನಕ್ಕೆ ಮಾಡುತ್ತಿದ್ದಾರೆ? ಆರೆಂಟು ಗಂಟೆಯ ಕೆಲಸ ಇದು, ಒಬ್ಬರೇ ದಿನಕ್ಕೆ ಐದು ಜನಕ್ಕೆ ಮಾಡಲು ಆಗಲ್ಲ. ಮರಗಟ್ಟಿಸುವ ಇಂಜೆಕ್ಷನ್ ಮೈಗೆ ಆಗಿಬರದಿದ್ದರೆ ಆಕ್ಸಿಜನ್, ಅಡ್ರಿನಲಿನ್ ಕೈಗೆಟುಕುವಂತಿದೆಯಾ, ಹತ್ತಿರ ದೊಡ್ಡ ಆಸ್ಪತ್ರೆ ಯಾವುದು?

ಇದು ಹೆದರಿಸಲು ಹೇಳಿದ ಮಾತಲ್ಲ. ಕಾನ್ಪುರದಲ್ಲಿ ಇಬ್ಬರು ಇಂಜಿನಿಯರುಗಳು ಕೂದಲು ಕಸಿಯ ನಂತರ ತೀರಿಕೊಂಡದ್ದು 2025ರಲ್ಲಿ ಸುದ್ದಿಯಾಯಿತು, ಮಾಡಿದ್ದು ಹಲ್ಲಿನ ವೈದ್ಯರು ಅನ್ನುವ ಆರೋಪ ಬಂತು. ಯೂಟ್ಯೂಬ್ ನೋಡಿ, ಒಂದೆರಡು ಕಾರ್ಯಾಗಾರಕ್ಕೆ ಹೋಗಿ ಬಂದವರು ಇದನ್ನು ಮಾಡಬಾರದು, ತರಬೇತಿ ಪಡೆದ ನೋಂದಾಯಿತ ವೈದ್ಯರೇ ಮಾಡಬೇಕು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಕರ್ನಾಟಕದಲ್ಲಿ ಮಾಡಿಸುವುದಾದರೆ ಗೋಡೆಯ ಮೇಲೆ ಕೆಪಿಎಂಇ (ಖಾಸಗಿ ಆಸ್ಪತ್ರೆಗಳಿಗೆ ಸರ್ಕಾರ ಕೊಡುವ) ನೋಂದಣಿ ಪತ್ರ ಇದೆಯಾ ನೋಡಿ, ಡಾಕ್ಟರ ಮೆಡಿಕಲ್ ಕೌನ್ಸಿಲ್ ನಂಬರ್ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಅಲ್ಲೇ ಉತ್ತರ ಸಿಕ್ಕಿತು.

ನನ್ನ ಕೇಳಿದರೆ, ರಜೆಗೆ ಊರಿಗೆ ಬಂದಾಗ ಮಾಡಿಸಿ. ಹತ್ತು ದಿನಕ್ಕೆ ಹಕ್ಕಳೆ ಉದುರುವವರೆಗೆ, ಕೀವಾದರೆ, ಮೂರನೇ ದಿನಕ್ಕೆ ಹಣೆ ಊದಿ ಕಣ್ಣು ಮುಚ್ಚಿದಂತಾದರೆ ಹೋಗಿ ತೋರಿಸಲು ಮಾಡಿದವರೇ ಹತ್ತಿರ ಇರಬೇಕು. ಇನ್ಶೂರೆನ್ಸ್ ಇದಕ್ಕೆ ಸಿಗಲ್ಲ. ಬೇರೆ ಚಿಕಿತ್ಸೆಗಿರುವ ಜಿಎಸ್‌ಟಿ ವಿನಾಯಿತಿಯೂ ಕೂದಲು ಕಸಿಗೆ ಇಲ್ಲ, ಅದಕ್ಕೇ ತೆರಿಗೆ ಸೇರಿ ಎಷ್ಟು ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಪ್ರಶ್ನೆ: ನನ್ನ ಲಗ್ನ ಇನ್ನ ಮೂರು ತಿಂಗಳಿಗೆ ಐತ್ರೀ. ಈಗ ಕೂದಲಾ ಹಚ್ಚಿಸಿಕೊಂಡರ ಲಗ್ನದಾಗ ಚಂದ ಕಾಣ್ತೀನೇನ್ರೀ? (31 ವರ್ಷ, ವಿಜಯಪುರ)

ಉತ್ತರ: ಇಲ್ಲ ಮಾರಾಯ್ರೇ, ಈಗಿನದಕ್ಕಿಂತ ಕೆಟ್ಟದಾಗಿ ಕಾಣ್ತೀರಿ. ನೆಟ್ಟ ಕೂದಲು ಎರಡರಿಂದ ನಾಲ್ಕು ವಾರದಲ್ಲಿ ಉದುರುತ್ತೆ. ಬೇರು ಒಳಗೇ ಇರುತ್ತೆ, ಗಾಬರಿ ಬೇಡ. ಮೂರು ನಾಲ್ಕನೇ ತಿಂಗಳಿಗೆ ಮೊಳಕೆ, ಪೂರ್ತಿ ಫಲ ಕಾಣಲು ಒಂದು ವರ್ಷ. ಅಂದರೆ ನಿಮ್ಮ ಅಕ್ಷತೆ ಹೊತ್ತಿಗೆ ತಲೆ ಅರ್ಧಂಬರ್ಧ. ಒಳ್ಳೆಯ ಹೇರ್‌ಕಟ್ ಮಾಡಿಸಿ, ಬೇಕಿದ್ದರೆ ತೆಳುವಾದ ಕಡೆ ಉದುರಿಸುವ ಹೇರ್ ಫೈಬರ್ ಪುಡಿ ಬಳಸಿ, ಹೇಗೂ ಬಾಸಿಂಗ ಇರುತ್ತೆ. ಹುಡುಗಿ ನಿಮ್ಮನ್ನು ನೋಡಿಯೇ ಒಪ್ಪಿದ್ದಾರಲ್ಲ. ವಿಗ್ ಹಾಕಿಕೊಂಡು ನೋಡಲು ಹೋಗಿದ್ದರೆ ಮಾತ್ರ ಈಗಲೇ ಹೇಳಿಬಿಡಿ.

ಪ್ರಶ್ನೆ: ಈರುಳ್ಳಿ ರಸ, ಹುಣಸೂರು ಕಡೆಯ ಆದಿವಾಸಿ ಎಣ್ಣೆ, ಬಯೋಟಿನ್ ಗಮ್ಮಿ, ಪಿಆರ್‌ಪಿ. ಇದರಲ್ಲಿ ಯಾವುದು ನಿಜಕ್ಕೂ ಕೆಲಸ ಮಾಡುತ್ತೆ? (ಹಲವರು)

ಉತ್ತರ: ಈರುಳ್ಳಿಯ ಹಿಂದೆ ಇರುವುದು 2002ರ ಒಂದು ಚಿಕ್ಕ ಅಧ್ಯಯನ. ಅದೂ ನಾಣ್ಯದ ಹಾಗೆ ದುಂಡಗೆ ಕೂದಲು ಹೋಗುವ, ಜನ ‘ಹುಳ ತಿಂದಿದೆ’ ಅನ್ನುವ ಬೇರೆಯೇ ಕಾಯಿಲೆಗೆ. ವಂಶದ ಬೋಳಿಗೆ ಅದರಿಂದ ಬರುವುದು ವಾಸನೆ ಮಾತ್ರ. ನಿಮಗೆ ದುಂಡಗಿನ ಮಚ್ಚೆ ಆಗಿದ್ದರೆ ಈರುಳ್ಳಿ ತಿಕ್ಕುತ್ತಾ ಕೂರದೆ ವೈದ್ಯರಿಗೆ ತೋರಿಸಿ, ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ಹಕ್ಕಿಪಿಕ್ಕಿ ಜನರ ಎಣ್ಣೆಯನ್ನು ರೀಲ್ಸ್‌ನಲ್ಲಿ ನೋಡಿ ಕೇಳಿದವರೇ ಜಾಸ್ತಿ. ಅವರ ಹೊಟ್ಟೆಪಾಡಿನ ಮೇಲೆ ನನ್ನದೇನೂ ಜಗಳವಿಲ್ಲ. ಎಣ್ಣೆ ಯಾವುದೇ ಇರಲಿ, ಕೂದಲಿಗೆ ನುಣುಪು ಕೊಡುತ್ತೆ, ತುಂಡಾಗುವುದು ಕಮ್ಮಿಯಾಗುತ್ತೆ. ಡಿಎಚ್‌ಟಿಯನ್ನು ತಡೆಯಲ್ಲ. ತಲೆಹೊಟ್ಟು ಇದ್ದವರು ಎಣ್ಣೆ ಕಮ್ಮಿ ಮಾಡಿ, ಹೊಟ್ಟಿಗೆ ಕಾರಣವಾದ ಮಲಸೀಜಿಯಾ ಶಿಲೀಂಧ್ರಕ್ಕೆ ಜಿಡ್ಡೇ ಊಟ.

ಬಯೋಟಿನ್ ಅನ್ನುವ ವಿಟಮಿನ್ನಿನ ಕೊರತೆ ಊಟ ಮಾಡುವ ಮನುಷ್ಯನಲ್ಲಿ ಅಪರೂಪ. ಜಾಸ್ತಿ ಡೋಸ್ ನುಂಗಿದರೆ ಥೈರಾಯ್ಡ್ ಪರೀಕ್ಷೆಯನ್ನೂ ಹೃದಯಾಘಾತ ಗುರುತಿಸುವ ಟ್ರೊಪೋನಿನ್ ಪರೀಕ್ಷೆಯನ್ನೂ ತಪ್ಪು ತೋರಿಸಬಹುದು. ಎದೆನೋವು ಅಂತ ಆಸ್ಪತ್ರೆಗೆ ಹೋದಾಗ ಕೂದಲಿನ ಗಮ್ಮಿ ಅಡ್ಡ ಬಂತು ಅಂದರೆ ಹೇಗಿರುತ್ತೆ! ವಿಟಮಿನ್ ಎ, ಸೆಲೆನಿಯಂ ಜಾಸ್ತಿಯಾದರೆ ಕೂದಲು ಇನ್ನೂ ಉದುರುತ್ತೆ. 2025ರ ಜನವರಿಯಲ್ಲಿ ಮಹಾರಾಷ್ಟ್ರದ ಬುಲ್ಡಾಣಾ ಜಿಲ್ಲೆಯ ಹಳ್ಳಿಗಳಲ್ಲಿ ಜನ ಕೆಲವೇ ದಿನದಲ್ಲಿ ಬೋಳಾದರಲ್ಲ, ಅಲ್ಲೂ ಕೊನೆಗೆ ಸಂಶಯ ಹೋದದ್ದು ಸೆಲೆನಿಯಂ ಮೇಲೆ.

ಪಿಆರ್‌ಪಿ ಅಂದರೆ ನಿಮ್ಮದೇ ರಕ್ತ ತೆಗೆದು, ತಿರುಗಿಸಿ, ಪ್ಲೇಟ್‌ಲೆಟ್ ಭಾಗವನ್ನು ತಲೆಗೆ ಚುಚ್ಚುವುದು. ಕೆಲವರಲ್ಲಿ ಸ್ವಲ್ಪ ಗುಣ ಕಾಣುತ್ತೆ. ಒಂದೊಂದು ಕ್ಲಿನಿಕ್ ಒಂದೊಂದು ಥರ ಮಾಡುವುದರಿಂದ ಖಚಿತ ಮಾತು ಕಷ್ಟ. ಔಷಧದ ಜೊತೆಗೆ ಹೆಚ್ಚುವರಿಯಾಗಿ ಆದೀತು, ಅದರ ಬದಲಿಗೆ ಬೇಡ. ಮಿನಾಕ್ಸಿಡಿಲ್‌ಗೆ ತಿಂಗಳಿಗೆ ಕೆಲವು ನೂರು, ಇದಕ್ಕೆ ಪ್ರತಿ ಸಲ ಸಾವಿರಗಟ್ಟಲೆ. ಜೇಬು ನೋಡಿ ಹೋಗಿ.

ಪ್ರಶ್ನೆ: ಧರ್ಮಸ್ಥಳದಲ್ಲಿ ಮುಡಿ ಕೊಟ್ಟರೆ ಕೂದಲು ದಪ್ಪ ಬರುತ್ತೆ ಅಂತಾರೆ ಅಜ್ಜಿ. (26 ವರ್ಷ, ಮಂಡ್ಯ)

ಉತ್ತರ: ಹರಕೆಗೆ ಕೊಡಿ, ಕೂದಲಿಗಾಗಿ ಬೇಡ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ದಪ್ಪ ಅನ್ನಿಸುತ್ತೆ. ಬೇರಿಗೆ ಕತ್ತಿಯ ಸುದ್ದಿಯೇ ಗೊತ್ತಾಗಲ್ಲ.

ಪ್ರಶ್ನೆ: ಬ್ಯಾಂಕಿನಿಂದ ಈಚೆಗೆ ನಿವೃತ್ತನಾದೆ. ಸ್ಟೆಂಟ್ ಹಾಕಿದೆ, ರಕ್ತ ತೆಳು ಮಾಡುವ ಮಾತ್ರೆ ಇದೆ, ಸಕ್ಕರೆಯೂ ಇದೆ. ಈ ವಯಸ್ಸಿಗೆ ನಾಚಿಕೆ ಬಿಟ್ಟು ಕೇಳುತ್ತಿದ್ದೇನೆ, ಮುಂದಲೆಗೆ ಕೂದಲು ಹಾಕಿಸಬಹುದೇ? (60 ವರ್ಷ, ಶಿವಮೊಗ್ಗ)

ಉತ್ತರ: ನಾಚಿಕೆ ಯಾಕೆ ಸಾರ್? ನಿಮ್ಮ ವಯಸ್ಸಿನಲ್ಲಿ ಒಂದು ಅನುಕೂಲವೇ ಇದೆ. ಬೋಳು ಎಲ್ಲಿಗೆ ನಿಲ್ಲಬೇಕೋ ಅಲ್ಲಿಗೆ ನಿಂತಿರುತ್ತೆ, ಸರ್ಜನ್‌ಗೆ ಲೆಕ್ಕ ಸುಲಭ. ಆದರೆ ಹೃದಯದ ಡಾಕ್ಟರು ಲಿಖಿತವಾಗಿ ಒಪ್ಪದೆ ಮುಂದುವರಿಯಬೇಡಿ. ಕೂದಲಿಗೋಸ್ಕರ ರಕ್ತ ತೆಳು ಮಾಡುವ ಮಾತ್ರೆಯನ್ನು ನೀವೇ ನಿಲ್ಲಿಸಿದರೆ ಸ್ಟೆಂಟ್ ಕಟ್ಟಿಕೊಳ್ಳಬಹುದು, ಅದು ಜೀವಕ್ಕೇ ಅಪಾಯ. ಸಕ್ಕರೆ ಹತೋಟಿಯಲ್ಲಿರಬೇಕು. ಯಾರಾದರೂ ಫಿನಾಸ್ಟರೈಡ್ ಕೊಟ್ಟರೆ ಇನ್ನೊಂದು ನೆನಪಿಡಿ. ಆರು ತಿಂಗಳಿಂದ ವರ್ಷದೊಳಗೆ ಅದು ಪ್ರಾಸ್ಟೇಟ್ ತೊಂದರೆ ಗುರುತಿಸುವ ರಕ್ತಪರೀಕ್ಷೆಯ ಪಿಎಸ್‌ಎ ಸಂಖ್ಯೆಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತೆ. ಪ್ರಾಸ್ಟೇಟ್ ಪರೀಕ್ಷೆ ಮಾಡಿಸುವಾಗ ಈ ಮಾತ್ರೆ ತಗೊಳ್ಳುತ್ತಿದ್ದೇನೆ ಅಂತ ಹೇಳದಿದ್ದರೆ, ಇರುವ ತೊಂದರೆಯೂ ರಿಪೋರ್ಟಿನಲ್ಲಿ ನಾರ್ಮಲ್ ಅಂತ ಕಾಣುತ್ತೆ.

ಪ್ರಶ್ನೆ: ಯಜಮಾನರು ಕೂದಲಿಗೆ ಮಾತ್ರೆ ತಗೊಳ್ತಾರೆ, ಔಷಧವನ್ನೂ ಹಚ್ಚುತ್ತಾರೆ. ನನಗೆ ಈಗ ಎರಡು ತಿಂಗಳು. ಮಾತ್ರೆ ಮುಟ್ಟಿದರೆ ಮಗುವಿಗೆ ತೊಂದರೆಯಾ? (28 ವರ್ಷ, ಉಡುಪಿ)

ಉತ್ತರ: ಅವರು ತಗೊಳ್ಳುವುದು ಫಿನಾಸ್ಟರೈಡ್ ಇರಬೇಕು. ಇಡೀ ಮಾತ್ರೆಗೆ ಮೇಲೊಂದು ಲೇಪ ಇರುತ್ತೆ, ಕೈ ತಾಗಿದರೆ ಏನೂ ಆಗಲ್ಲ. ಮುರಿದದ್ದನ್ನು, ಪುಡಿಯಾದದ್ದನ್ನು ಮಾತ್ರ ಮುಟ್ಟಬೇಡಿ. ಹೊಟ್ಟೆಯಲ್ಲಿರುವುದು ಗಂಡುಮಗುವಾದರೆ ಅದರ ಜನನಾಂಗ ಬೆಳೆಯಲು ಡಿಎಚ್‌ಟಿ ಬೇಕು, ಈ ಮಾತ್ರೆ ತಡೆಯುವುದು ಅದನ್ನೇ. ದುಡ್ಡು ಉಳಿಸಲು 5 ಮಿ.ಗ್ರಾಂ. ಮಾತ್ರೆ ತಂದು ಬ್ಲೇಡಿನಲ್ಲಿ ನಾಲ್ಕು ತುಂಡು ಮಾಡುವ ಅಭ್ಯಾಸ ಕೆಲವರಿಗಿದೆ. ನಿಮ್ಮವರೂ ಹಾಗೆ ಮಾಡುತ್ತಿದ್ದರೆ ಅಡುಗೆಮನೆ ಕಟ್ಟೆಯ ಮೇಲೆ ಖಂಡಿತ ಬೇಡ ಅಂತ ಹೇಳಿ. 1 ಮಿ.ಗ್ರಾಂ. ಮಾತ್ರೆಯೇ ಸಿಗುತ್ತೆ. ಹಚ್ಚುವ ಮಿನಾಕ್ಸಿಡಿಲ್ ಒಣಗುವವರೆಗೆ ಅವರ ತಲೆ, ದಿಂಬು ದೂರ ಇರಲಿ. ಮನೆಯಲ್ಲಿ ಬೆಕ್ಕಿದೆಯಾ? ಇದ್ದರೆ ಇನ್ನೂ ಎಚ್ಚರ. ಸ್ವಲ್ಪವೇ ನೆಕ್ಕಿದರೂ ಬೆಕ್ಕಿಗೆ ಇದು ವಿಷ, ಹೃದಯಕ್ಕೆ ಹೊಡೆತ ಬಿದ್ದು ಸಾಯಬಹುದು. ಬಾಟಲಿಯ ಮುಚ್ಚಳ ಬಿಗಿಯಾಗಿ ಹಾಕಿ ಕಪಾಟಿನಲ್ಲಿಡಲು ಹೇಳಿ, ಕೈ ತೊಳೆಯದೆ ಬೆಕ್ಕನ್ನು ಎತ್ತಿಕೊಳ್ಳುವುದೂ ಬೇಡ.